ದಾಖಲಾತಿ ಫಾರಂನಲ್ಲಿ ಜಾಗವಿಲ್ಲದ ಸಂಗಾತಿ: ವ್ಯಸನಮುಕ್ತಿ ಸಮಾಲೋಚಕರ ಧೋರಣೆ ಕುರಿತು ಒಂದು ಟಿಪ್ಪಣಿ

ವ್ಯಸನಮುಕ್ತಿ ಕೇಂದ್ರಗಳ ಆಪ್ತಸಮಾಲೋಚಕರು ತಮ್ಮಲ್ಲಿಗೆ ಬರುವ ಸಲಿಂಗಿ, ದ್ವಿಲಿಂಗಾಸಕ್ತ ಮತ್ತು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ಹೇಗೆ ಕಾಣುತ್ತಾರೆ? ಈ ಪ್ರಶ್ನೆ ಎತ್ತಿದವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದು ನಿಲ್ಲುತ್ತಾರೆ. ಮೆಕ್ಕೆಜೋಳದ ಹೊಲಗಳೂ ಸಣ್ಣ ಊರುಗಳೂ ತುಂಬಿರುವ ಈ ರಾಜ್ಯದ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಅಧ್ಯಾಪಕಿಯಾಗಿದ್ದ ಮಿಶೆಲ್ ಎಲಿಯಾಸನ್, ಅಲ್ಲಿನ ಮದ್ಯ ಮತ್ತು ಮಾದಕವಸ್ತು ಚಿಕಿತ್ಸಾ ಕೇಂದ್ರಗಳ ಸಮಾಲೋಚಕರನ್ನು ಪ್ರಶ್ನಾವಳಿಯ ಮೂಲಕ ಮಾತನಾಡಿಸಿ 2000ರಲ್ಲಿ ಫಲಿತಾಂಶ ಪ್ರಕಟಿಸಿದರು. ಉತ್ತರ ಕೊಟ್ಟವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರ ಧೋರಣೆ ಪ್ರತಿಕೂಲವಾಗಿತ್ತು, ಇಲ್ಲವೇ ಎರಡು ಮನಸ್ಸಿನದಾಗಿತ್ತು. ಆಮೇಲೆ ಬಂದ ಲೇಖನಗಳಲ್ಲಿ ಮತ್ತೆ ಮತ್ತೆ ಕಾಣಿಸುವುದು ಈ ಒಂದು ಸಾಲೇ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಫಲಿತಾಂಶವಿದೆ. ನನಗೆ ಅದು ಮೊದಲನೆಯದಕ್ಕಿಂತ ತೂಕದ್ದಾಗಿ ಕಾಣುತ್ತದೆ. ಸಮಾಲೋಚಕರಲ್ಲಿ ಬಹುಪಾಲು ಜನಕ್ಕೆ ಕೆಲವು ನಿರ್ದಿಷ್ಟ ಸಂಗತಿಗಳು ಗೊತ್ತೇ ಇರಲಿಲ್ಲ: ಮದುವೆಯ ಕಾಗದವಿಲ್ಲದ ಜೋಡಿಗಳಿಗೆ ಕಾನೂನಿನಲ್ಲಿ ಏನು ಹಕ್ಕಿದೆ, ಸಂಗಾತಿಯ ಹೆಸರಿಗೆ ಮುಖ್ತ್ಯಾರನಾಮೆ ಬರೆದುಕೊಡುವುದು ಹೇಗೆ, ಸಮಾಜದ ತಿರಸ್ಕಾರವನ್ನು ವ್ಯಕ್ತಿ ತನ್ನೊಳಗೇ ಇಳಿಸಿಕೊಂಡು ತನ್ನನ್ನೇ ಹೀಗಳೆಯತೊಡಗಿದಾಗ ಅದು ಕುಡಿತಕ್ಕೆ ಹೇಗೆ ಇಂಬು ಕೊಡುತ್ತದೆ. ಮನಸ್ಸು ಒಳ್ಳೆಯದಿದ್ದವರಲ್ಲೂ ಈ ತಿಳಿವಳಿಕೆ ಇರಲಿಲ್ಲ. ಧೋರಣೆ ಅಳೆಯುವ ಸಂಶೋಧನೆ ಮೂರು ದಶಕಗಳಲ್ಲಿ ಸಾಕಷ್ಟು ಬೆಳೆದಿದೆ. ಆ ಧೋರಣೆ ಕೇಂದ್ರದ ದಿನನಿತ್ಯದ ಕೆಲಸದಲ್ಲಿ, ಅಂದರೆ ದಾಖಲಾತಿ ಫಾರಂನಲ್ಲಿ, ಗುಂಪುಚರ್ಚೆಯಲ್ಲಿ, ಮನೆಯವರನ್ನು ಕರೆಸುವ ದಿನದಲ್ಲಿ ಎಲ್ಲಿ ಹೇಗೆ ಹೊರಬೀಳುತ್ತದೆ ಎಂಬುದರ ಮೇಲೆ ಕಣ್ಣಿಟ್ಟವರು ಕಡಿಮೆ. ಈ ಟಿಪ್ಪಣಿಯ ಕಾಳಜಿ ಅಲ್ಲಿದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಯೋವಾದ ಸಮಾಲೋಚಕರ ತಲೆಯಲ್ಲಿದ್ದ ಕಲ್ಪನೆಗಳು ಅವರವರ ಮನೆಯಲ್ಲಿ ಹುಟ್ಟಿದವಲ್ಲ. ಅವರ ವೃತ್ತಿಯ ಹಿರಿಯರೇ ಬಿಟ್ಟುಹೋದ ಆಸ್ತಿ ಅದು. ಫ್ರಾಯ್ಡ್‌ನ ಶಿಷ್ಯ ಕಾರ್ಲ್ ಅಬ್ರಹಾಂ 1908ರಲ್ಲೇ ಕುಡಿತಕ್ಕೂ ಅದುಮಿಟ್ಟ ಸಲಿಂಗಾಸಕ್ತಿಗೂ ಗಂಟು ಹಾಕಿ ಬರೆದಿದ್ದ. ಗಂಡಸರು ಹೆಗಲ ಮೇಲೆ ಕೈಹಾಕಿಕೊಂಡು ಕೂತು ಕುಡಿಯುವುದರಲ್ಲಿ ಅವನಿಗೆ ಈ ಗುಪ್ತ ಆಸೆ ಕಂಡಿತ್ತು. ಆ ವಿಚಾರ ಮನೋವಿಶ್ಲೇಷಣೆಯ ಪಾಠಗಳಲ್ಲಿ ದಶಕಗಳ ಕಾಲ ಉಳಿಯಿತು. ಅದರಿಂದ ಹುಟ್ಟುವ ಚಿಕಿತ್ಸೆಯ ದಾರಿ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ: ಸಲಿಂಗಾಸಕ್ತಿ ಮೂಲ, ಕುಡಿತ ಅದರ ಫಲ, ಹಾಗಾದರೆ ಮೂಲವನ್ನೇ ಕೀಳಬೇಕು. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಾಸಕ್ತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯುವ ತೀರ್ಮಾನ ಮಾಡಿದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಗೆ 1990ರವರೆಗೂ ಹಿಡಿಯಿತು. 2000ದಲ್ಲಿ ಐವತ್ತು ದಾಟಿದ್ದ ಸಮಾಲೋಚಕ ಓದಿದ್ದು, ಕಲಿತದ್ದು ಇವೆಲ್ಲಕ್ಕೂ ಮುಂಚೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಆ ಅಂಕಿಗಳನ್ನು ಓದಬೇಕು.

ಇನ್ನೊಂದು ಆಸ್ತಿ ಲಾಸ್ ಏಂಜಲೀಸ್‌ನಿಂದ ಬಂದ ಒಂದು ಅಂಕಿ. ಲಿಲೀನ್ ಫೈಫೀಲ್ಡ್ 1975ರಲ್ಲಿ ಸಿದ್ಧಪಡಿಸಿದ ವರದಿ ಅಲ್ಲಿನ ಸಲಿಂಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಮದ್ಯವ್ಯಸನಿಗಳು ಎಂದಿತು. ವರದಿಯ ಉದ್ದೇಶ ಒಳ್ಳೆಯದೇ. ನಗರದಲ್ಲಿ ಈ ಜನಕ್ಕೆ ಚಿಕಿತ್ಸೆಯ ವ್ಯವಸ್ಥೆ ಇಲ್ಲವೆಂದು ತೋರಿಸಲು ಹೊರಟ ಕೆಲಸ ಅದು. ತೊಂದರೆ ಇದ್ದದ್ದು ಮಾದರಿಯ ಆಯ್ಕೆಯಲ್ಲಿ. ಮಾಹಿತಿಯ ದೊಡ್ಡ ಪಾಲು ಬಂದದ್ದು ಬಾರುಗಳಿಂದ. ಆ ಕಾಲದಲ್ಲಿ ಸಲಿಂಗಿಗಳು ಹೆದರದೆ ಒಬ್ಬರನ್ನೊಬ್ಬರು ಕಾಣುವ ಜಾಗ ಬಾರ್ ಒಂದೇ ಎನ್ನುವಂತಿತ್ತು. ಅವರ ಚಳವಳಿಗೆ ಹೊಸ ಹುಟ್ಟು ಕೊಟ್ಟ 1969ರ ನ್ಯೂಯಾರ್ಕಿನ ಪ್ರತಿಭಟನೆ ಶುರುವಾದದ್ದು ಕೂಡ ಸ್ಟೋನ್‌ವಾಲ್ ಎಂಬ ಬಾರಿನಲ್ಲೇ. ಬಾರಿನಲ್ಲಿ ಕೂತವರನ್ನು ಎಣಿಸಿದರೆ ಯಾವ ಸಮುದಾಯದಲ್ಲಾದರೂ ಕುಡಿಯುವವರೇ ಹೆಚ್ಚು ಸಿಗುತ್ತಾರೆ. ಮೆಕರ್ನನ್ ಮತ್ತು ಪೀಟರ್ಸನ್ 1989ರಲ್ಲಿ ಶಿಕಾಗೋದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಬೇರೆ ಬೇರೆ ದಾರಿಯಲ್ಲಿ ತಲುಪಿ ಕೇಳಿದಾಗ ಚಿತ್ರ ಬದಲಾಯಿತು. ಕುಡಿಯದೆ ಇರುವವರು ಸಾಮಾನ್ಯ ಜನರಿಗಿಂತ ಕಡಿಮೆ, ಆದರೆ ವಿಪರೀತ ಕುಡಿಯುವವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಕಂಡದ್ದು ಎರಡು ಕಡೆ. ಕುಡಿತದಿಂದ ತೊಂದರೆಗೆ ಸಿಕ್ಕಿದೆವು ಎಂದವರು ಇವರಲ್ಲಿ ಹೆಚ್ಚು; ವಯಸ್ಸಾದಂತೆ ಸಾಮಾನ್ಯವಾಗಿ ಇಳಿಯುವ ಕುಡಿತ ಇವರಲ್ಲಿ ಅಷ್ಟಾಗಿ ಇಳಿಯುತ್ತಿರಲಿಲ್ಲ.

ಹಳೆಯ ಅಂಕಿ ಸುಳ್ಳಾದ ಮಾತ್ರಕ್ಕೆ ಸಮಸ್ಯೆಯೇ ಇಲ್ಲವೆಂದಲ್ಲ. ಅಮೆರಿಕದ ರಾಷ್ಟ್ರೀಯ ಮಾದಕವಸ್ತು ಬಳಕೆ ಸಮೀಕ್ಷೆ 2015ರಲ್ಲಿ ಮೊದಲ ಬಾರಿಗೆ ಲೈಂಗಿಕ ಒಲವಿನ ಪ್ರಶ್ನೆ ಸೇರಿಸಿತು. ಹಿಂದಿನ ಒಂದು ವರ್ಷದಲ್ಲಿ ಅಕ್ರಮ ಮಾದಕವಸ್ತು ಬಳಸಿದ್ದೇವೆ ಎಂದವರು ಲೈಂಗಿಕ ಅಲ್ಪಸಂಖ್ಯಾತ ವಯಸ್ಕರಲ್ಲಿ ಶೇ. 39.1, ಉಳಿದವರಲ್ಲಿ ಶೇ. 17.1. ಇದು ಮನೆಮನೆಯ ಸಮೀಕ್ಷೆ, ಬಾರಿನದಲ್ಲ. ಈ ಅಂತರಕ್ಕೆ ಇಂದು ಹೆಚ್ಚಿನವರು ಒಪ್ಪುವ ವಿವರಣೆ ಇಲಾನ್ ಮೇಯರ್ 2003ರಲ್ಲಿ ಸವಿವರವಾಗಿ ಮಂಡಿಸಿದ ಅಲ್ಪಸಂಖ್ಯಾತ ಒತ್ತಡದ ಸಿದ್ಧಾಂತ. ಬೈಗುಳ, ಹೊಡೆತ, ಕೆಲಸದಿಂದ ತೆಗೆಯುವುದು ಮುಂತಾದ ಹೊರಗಿನ ಪೆಟ್ಟುಗಳು ಒಂದು ಕಡೆ. ಯಾವಾಗ ಏನಾದೀತೋ ಎಂಬ ಕಾವಲು, ಗುಟ್ಟು ಕಾಯುವ ದಣಿವು, ತನ್ನ ಬಗ್ಗೆ ತನಗೇ ಇರುವ ಅಸಹ್ಯ ಇನ್ನೊಂದು ಕಡೆ. ಅಬ್ರಹಾಂ ಹಾಕಿದ ಗಂಟನ್ನು ಈ ಸಿದ್ಧಾಂತ ಬಿಚ್ಚುತ್ತದೆ: ಕುಡಿತಕ್ಕೆ ತಳ್ಳುವುದು ಒಲವಲ್ಲ, ಆ ಒಲವಿನೊಂದಿಗೆ ಬದುಕಲು ಬಿಡದ ಸುತ್ತಲಿನ ಜಗತ್ತು. ಹಾಗಾದರೆ ಚಿಕಿತ್ಸಾ ಕೇಂದ್ರವೂ ಆ ಸುತ್ತಲಿನ ಜಗತ್ತಿನದೇ ಒಂದು ತುಂಡಾಗಿಬಿಟ್ಟರೆ? ಸಮಾಲೋಚಕರ ಧೋರಣೆಯನ್ನು ಸಂಶೋಧಿಸಬೇಕಾದ ಕಾರಣ ಇಷ್ಟೇ, ಮತ್ತು ಇಷ್ಟು ದೊಡ್ಡದು.

ಸಲಿಂಗಿ ವ್ಯಸನಿಗಳು ಈ ಪ್ರಶ್ನೆಗೆ ಸಂಶೋಧಕರ ಉತ್ತರ ಕಾಯುತ್ತ ಕೂರಲಿಲ್ಲ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಒಳಗೇ 1960ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರದೇ ಸಭೆಗಳು ಶುರುವಾದವು. ಅಂಥ ಗುಂಪುಗಳ ಹೆಸರನ್ನು ಡೈರೆಕ್ಟರಿಯಲ್ಲಿ ಹಾಕಬೇಕೇ ಬೇಡವೇ ಎಂಬ ಚರ್ಚೆ ಕಾವೇರಿ, 1974ರ ವಾರ್ಷಿಕ ಸಮ್ಮೇಳನ ಹಾಕಬೇಕೆಂದು ತೀರ್ಮಾನಿಸಿತು. ವ್ಯಸನ ಚಿಕಿತ್ಸಕರಾದ ಡೇನಾ ಫಿನೆಗನ್ ಮತ್ತು ಎಮಿಲಿ ಮೆಕ್‌ನ್ಯಾಲಿ ಅವರ ಮುಂದಾಳತ್ವದಲ್ಲಿ 1979ರಲ್ಲಿ ಸಲಿಂಗಿ ಚಿಕಿತ್ಸಕರ ಒಂದು ವೃತ್ತಿಸಂಘ ಹುಟ್ಟಿತು. ಮಿನೆಸೋಟಾದಲ್ಲಿ 1986ರಲ್ಲಿ ಪ್ರೈಡ್ ಇನ್‌ಸ್ಟಿಟ್ಯೂಟ್ ಎಂಬ, ಈ ಸಮುದಾಯಕ್ಕಾಗಿಯೇ ಮೀಸಲಾದ ಒಳರೋಗಿ ಕೇಂದ್ರ ತೆರೆಯಿತು. ಮುಖ್ಯವಾಹಿನಿಯ ಕೇಂದ್ರಗಳು ಮಾತ್ರ ನಿಧಾನ. ಹೆಲ್‌ಮನ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ಸರ್ಕಾರದ ಹಣದಿಂದ ನಡೆಯುವ ಕೇಂದ್ರಗಳ ಸಿಬ್ಬಂದಿಯನ್ನು ಕೇಳಿ 1989ರಲ್ಲಿ ಬರೆದ ಲೇಖನದಲ್ಲಿ, ಹೆಚ್ಚಿನವರಿಗೆ ಈ ವಿಷಯದಲ್ಲಿ ತರಬೇತಿಯೇ ಸಿಕ್ಕಿರಲಿಲ್ಲ ಎಂಬುದು ದಾಖಲಾಗಿದೆ.

ಈಗ ಮತ್ತೆ ಎಲಿಯಾಸನ್ ಅವರ ಕೆಲಸಕ್ಕೆ ಬರೋಣ. ಅವರು ಶಿಕಾಗೋದ ಟೋಂಡಾ ಹ್ಯೂಸ್ ಜೊತೆ ಸೇರಿ 2004ರಲ್ಲಿ ಇನ್ನೊಂದು ಲೇಖನ ಬರೆದರು. ಅಯೋವಾದ 242 ಸಮಾಲೋಚಕರನ್ನು ಶಿಕಾಗೋ ನಗರದ 109 ಸಮಾಲೋಚಕರ ಪಕ್ಕದಲ್ಲಿಟ್ಟು ನೋಡಿದ ಲೇಖನ ಅದು. ಹಳ್ಳಿಗಾಡಿನವರು ಸಂಕುಚಿತರು, ಮಹಾನಗರದವರು ಉದಾರಿಗಳು ಎಂಬ ನಮ್ಮೆಲ್ಲರ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಶಿಕಾಗೋದವರು ಈ ಬಗ್ಗೆ ಹೆಚ್ಚು ಪಾಠ ಕೇಳಿದ್ದರು, ಇಂಥ ರೋಗಿಗಳನ್ನು ಹೆಚ್ಚು ಕಂಡಿದ್ದರು, ಅವರ ನಡುವೆಯೇ ಸಲಿಂಗಿ ಸಮಾಲೋಚಕರು ಹೆಚ್ಚಿದ್ದರು. ಆದರೂ ಒಟ್ಟು ಧೋರಣೆಯಲ್ಲಿ ಎರಡೂ ಗುಂಪುಗಳು ಹತ್ತಿರಹತ್ತಿರ ಒಂದೇ ಕಡೆ ನಿಂತವು. ಸಂಗಾತಿಯ ಹಕ್ಕು, ಮುಖ್ತ್ಯಾರನಾಮೆ, ಒಳಗಿಳಿದ ತಿರಸ್ಕಾರದ ಬಗೆಗಿನ ಅಜ್ಞಾನವೂ ಎರಡು ಕಡೆ ಇತ್ತು.

ಈ ಫಲಿತಾಂಶದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮಾದರಿ ಯಾದೃಚ್ಛಿಕವಲ್ಲ, ಸಿಕ್ಕವರನ್ನು, ಒಪ್ಪಿದವರನ್ನು ಕೇಳಿದ್ದು. ಇಂಥ ಪ್ರಶ್ನಾವಳಿಗೆ ಉತ್ತರ ಬರೆಯಲು ಒಪ್ಪುವವರು ಒಪ್ಪದವರಿಗಿಂತ ಮೃದುವಾಗಿರುವ ಸಂಭವವೇ ಹೆಚ್ಚು, ಆದ್ದರಿಂದ ನಿಜಸ್ಥಿತಿ ಇದಕ್ಕಿಂತ ಕಠಿಣವಾಗಿದ್ದಿರಬಹುದು. ಸ್ವಂತ ಬಾಯಿಂದ ಹೇಳಿದ ಧೋರಣೆಗೂ ಕೋಣೆಯ ಬಾಗಿಲು ಮುಚ್ಚಿದ ಮೇಲಿನ ನಡವಳಿಕೆಗೂ ಅಂತರ ಇದ್ದೇ ಇರುತ್ತದೆ. ಇಷ್ಟೆಲ್ಲ ಮಿತಿಗಳನ್ನು ಒಪ್ಪಿಕೊಂಡರೂ, ಒಂದೆರಡು ದಿನದ ಕಾರ್ಯಾಗಾರ ಮಾಡಿ ಹಾಜರಿ ಪತ್ರ ಕೊಟ್ಟರೆ ಧೋರಣೆ ತಿದ್ದಿಹೋಗುತ್ತದೆ ಎಂಬ ಆಡಳಿತಗಾರರ ನಂಬಿಕೆಗೆ ಈ ಹೋಲಿಕೆ ಆಧಾರ ಕೊಡುವುದಿಲ್ಲ ಎನ್ನುವುದು ಸ್ಪಷ್ಟ. ಕಾನಿ ಮ್ಯಾಥ್ಯೂಸ್ ಮತ್ತು ಸಂಗಡಿಗರು 2005ರಲ್ಲಿ ವ್ಯಸನ ಸಮಾಲೋಚಕರ ಮೇಲೆಯೇ ನಡೆಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಅವರು ಧೋರಣೆಯ ಜೊತೆಗೆ ನಡವಳಿಕೆಯನ್ನೂ ಕೇಳಿದರು. ಸಮಾಲೋಚಕರು ಸಲಿಂಗಿ ರೋಗಿಗಳ ಪರವಾಗಿ ನಡೆದುಕೊಳ್ಳುವುದಕ್ಕೂ ಅವರು ದುಡಿಯುವ ಸಂಸ್ಥೆಯ ವಾತಾವರಣಕ್ಕೂ ನಂಟಿರುವುದು ಅಲ್ಲಿ ಕಂಡಿತು. ಒಬ್ಬ ಸಮಾಲೋಚಕಿ ಎಷ್ಟೇ ಸಹೃದಯಿಯಾಗಿರಲಿ, ಅವಳ ಕೈಗೆ ಕೊಟ್ಟ ಫಾರಂ, ಮೇಲಧಿಕಾರಿಯ ಮಾತು, ಸಿಬ್ಬಂದಿ ಕೋಣೆಯಲ್ಲಿ ಹಾರಾಡುವ ಹಾಸ್ಯ ಅವಳ ಕೈ ಕಟ್ಟಬಲ್ಲವು.

ಫಾರಂನ ಮಾತನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಅಮೆರಿಕದ ಒಳರೋಗಿ ಚಿಕಿತ್ಸೆಯ ಹಳೆಯ ಮಾದರಿ ಮಿನೆಸೋಟಾದ್ದು. ಸುಮಾರು 28 ದಿನ, ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಮೆಟ್ಟಿಲುಗಳ ಪಾಠ, ದಿನವೂ ಗುಂಪಿನಲ್ಲಿ ಕೂತು ತನ್ನ ಕಥೆ ಹೇಳುವುದು, ನಡುವೆ ಮನೆಯವರನ್ನು ಕರೆಸಿ ಕೂರಿಸುವುದು. ಈ ಮಾದರಿಯ ಜೀವಾಳವೇ ಪ್ರಾಮಾಣಿಕತೆ. ಗುಟ್ಟು ಇಟ್ಟುಕೊಂಡವನು ಮತ್ತೆ ಕುಡಿತಕ್ಕೆ ಬೀಳುತ್ತಾನೆ ಎಂದು ಮೊದಲ ದಿನದಿಂದಲೇ ಹೇಳಿಕೊಡುತ್ತಾರೆ. 2000ನೇ ಇಸವಿಯ ಅಯೋವಾದ ಒಂದು ಸಣ್ಣ ಊರಿನ ಕೇಂದ್ರಕ್ಕೆ ಬಂದ ನಲವತ್ತರ ಗಂಡಸೊಬ್ಬನನ್ನು ಊಹಿಸಿಕೊಳ್ಳಿ. ಫಾರಂನಲ್ಲಿ ವೈವಾಹಿಕ ಸ್ಥಿತಿಯ ಎದುರು ನಾಲ್ಕು ಚೌಕ: ಅವಿವಾಹಿತ, ವಿವಾಹಿತ, ವಿಚ್ಛೇದಿತ, ವಿಧುರ. ಅವನು ‘ಅವಿವಾಹಿತ’ಕ್ಕೆ ಗುರುತು ಹಾಕುತ್ತಾನೆ. ಹತ್ತಾರು ವರ್ಷ ಒಂದೇ ಸೂರಿನಡಿ ಬದುಕಿದ, ರಾತ್ರಿ ಬಾಟಲಿಗಳನ್ನು ಸಿಂಕಿಗೆ ಸುರಿದ, ಬೆಳಗ್ಗೆ ಕೆಲಸಕ್ಕೆ ಫೋನ್ ಮಾಡಿ ಅವನ ಪರವಾಗಿ ಸುಳ್ಳು ಹೇಳಿದ ಸಂಗಾತಿ ಆ ಕಾಗದದಲ್ಲಿ ಎಲ್ಲೂ ಇಲ್ಲ, ಅಥವಾ ‘ಸ್ನೇಹಿತ’ ಎಂದಿದ್ದಾನೆ. ಮನೆಯವರ ವಾರ ಬಂದಾಗ ಪತ್ರ ಹೋಗುವುದು ವರ್ಷಗಳಿಂದ ಮಾತು ಬಿಟ್ಟಿರುವ ತಾಯಿಗೆ. ಗುಂಪಿನಲ್ಲಿ ಅವನು ‘ನನ್ನ ಗೆಳತಿ’ ಎಂದು ಬದಲಿಸಿ ಹೇಳುತ್ತಾನೆ, ಇಲ್ಲವೇ ಬದುಕಿನ ಆ ಭಾಗವನ್ನೇ ನುಂಗಿಕೊಳ್ಳುತ್ತಾನೆ. ಎದುರಿಗೆ ಕೂತ ಸಮಾಲೋಚಕನಿಗೆ ಕಾಣುವುದು ಮನಸ್ಸು ಬಿಚ್ಚದ, ಸಹಕರಿಸದ ರೋಗಿ. ಫೈಲಿನಲ್ಲಿ ಅವನು ಬರೆಯುವುದೂ ಅದನ್ನೇ.

ಈ ದೃಶ್ಯದಲ್ಲಿ ಯಾರೂ ಯಾರನ್ನೂ ಬೈದಿಲ್ಲ. ಸಮಾಲೋಚಕನನ್ನು ಕೇಳಿದರೆ ಅವನು ಮನಃಪೂರ್ವಕವಾಗಿ ಹೇಳುವ ಉತ್ತರ: ನಮಗೆ ಎಲ್ಲರೂ ಒಂದೇ, ನಾವು ಭೇದ ಮಾಡುವುದಿಲ್ಲ, ವ್ಯಸನ ವ್ಯಸನವೇ. ಈ ಮಾತಿನ ಹಿಂದಿನ ಸದುದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ವ್ಯಸನ ಸಮಾಲೋಚಕರಲ್ಲಿ ಅನೇಕರು ತಾವೇ ಕುಡಿತದಿಂದ ಎದ್ದುಬಂದವರು. ತಮ್ಮನ್ನು ಉಳಿಸಿದ ದಾರಿ ಎಲ್ಲರನ್ನೂ ಉಳಿಸುತ್ತದೆ ಎಂಬ ಅವರ ನಂಬಿಕೆ ಬದುಕಿನಿಂದ ಬಂದದ್ದು, ಗೌರವಕ್ಕೆ ತಕ್ಕದ್ದು. ಆದರೆ ಮನೆಯವರು ಎಂಬ ಕಲ್ಪನೆಯನ್ನು ಗಂಡ-ಹೆಂಡತಿ-ಮಕ್ಕಳು ಎಂದು ಮೊದಲೇ ಗೆರೆ ಕೊರೆದಿಟ್ಟು, ಆಮೇಲೆ ಎಲ್ಲರಿಗೂ ಒಂದೇ ಎಂದರೆ, ಆ ಗೆರೆಯ ಹೊರಗಿನವನಿಗೆ ಸಿಗುವುದು ಅರ್ಧ ಚಿಕಿತ್ಸೆ. ಅಮೆರಿಕದಲ್ಲಿ ಇದಕ್ಕೆ ಕಾನೂನಿನ ತೊಡಕೂ ಸೇರಿತ್ತು. ವ್ಯಸನ ಚಿಕಿತ್ಸೆಯ ದಾಖಲೆಗಳಿಗೆ ಅಲ್ಲಿ ಬಿಗಿಯಾದ ಗೌಪ್ಯತಾ ನಿಯಮಗಳಿವೆ. ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ಅವನು ದಾಖಲಾಗಿದ್ದಾನೆಂದೂ ಹೊರಗಿನವರಿಗೆ ಹೇಳುವಂತಿಲ್ಲ. ಅಯೋವಾದಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಬಂದದ್ದು 2009ರಲ್ಲಿ, ಇಡೀ ದೇಶಕ್ಕೆ 2015ರಲ್ಲಿ. ಅದಕ್ಕೂ ಮುಂಚೆ ಸಂಗಾತಿಯನ್ನು ಚಿಕಿತ್ಸೆಯ ಒಳಗೆ ತರಲು ಇದ್ದ ದಾರಿ ಒಪ್ಪಿಗೆ ಪತ್ರ ಮತ್ತು ಮುಖ್ತ್ಯಾರನಾಮೆ. ಸಮಾಲೋಚಕರಿಗೆ ಗೊತ್ತಿಲ್ಲವೆಂದು ಎಲಿಯಾಸನ್ ಕಂಡುಕೊಂಡದ್ದು ನಿಖರವಾಗಿ ಇದನ್ನೇ. ಗೊತ್ತಿದ್ದರೆ ಒಂದು ಪ್ರಶ್ನೆ, ಒಂದು ಸಹಿಯ ಕೆಲಸ.

ಕೇಂದ್ರಗಳು ತಮ್ಮ ಬಗ್ಗೆ ತಾವು ಹೇಳಿಕೊಳ್ಳುವುದನ್ನು ಎಷ್ಟು ನಂಬಬೇಕು ಎಂಬುದಕ್ಕೆ ಬ್ರಯಾನ್ ಕಾಕ್ರನ್ ಮತ್ತು ಸಂಗಡಿಗರ 2007ರ ಲೇಖನ ಕಣ್ಣು ತೆರೆಸುವಂಥದ್ದು. ಈ ಸಮುದಾಯಕ್ಕೆ ವಿಶೇಷ ಸೇವೆ ಇದೆ ಎಂದು ಸರ್ಕಾರಿ ಪಟ್ಟಿಯಲ್ಲಿ ನಮೂದಿಸಿಕೊಂಡಿದ್ದ 854 ಕೇಂದ್ರಗಳನ್ನು ಅವರು ಫೋನಿನಲ್ಲಿ ವಿಚಾರಿಸಿದರು. ನೂರಕ್ಕೆ ಸುಮಾರು 70 ಕಡೆ ಸಿಕ್ಕ ಉತ್ತರ, ಇತರರಿಗೆ ಕೊಡುವುದನ್ನೇ ಇವರಿಗೂ ಕೊಡುತ್ತೇವೆ ಎಂಬುದು. ನಿಜವಾಗಿ ಪ್ರತ್ಯೇಕವಾದ ಸೇವೆಯನ್ನು ತೋರಿಸಬಲ್ಲವರು ನೂರಕ್ಕೆ ಏಳರಷ್ಟು. ಕುಡಿತದ ಜೊತೆ ಅವಮಾನವನ್ನೂ ಹೊತ್ತು, ಧೈರ್ಯ ಮಾಡಿ ಆ ಪಟ್ಟಿ ನೋಡಿ ಬಂದವನ ಗತಿಯನ್ನು ನೆನೆದರೆ ಸಂಕಟವಾಗುತ್ತದೆ. ಇದೇ ಕಾಕ್ರನ್ 2006ರಲ್ಲಿ ವಾಷಿಂಗ್ಟನ್ ರಾಜ್ಯದ ದಾಖಲೆಗಳನ್ನು ನೋಡಿ, ಈ ಸಮುದಾಯದವರು ಚಿಕಿತ್ಸೆಗೆ ಬರುವ ಹೊತ್ತಿಗೆ ವ್ಯಸನವೂ ಮಾನಸಿಕ ತೊಂದರೆಯೂ ಇತರರಿಗಿಂತ ಹೆಚ್ಚು ಬಲಿತಿರುತ್ತವೆ ಎಂದು ತೋರಿಸಿದ್ದರು.

ಹಾಗಾದರೆ ಪ್ರತ್ಯೇಕ ಕೇಂದ್ರಗಳೇ ಪರಿಹಾರವೇ? ನ್ಯೂಯಾರ್ಕಿನ ಇವಾನ್ ಸೆನ್ರೈಕ್ ಅವರ ಅಧ್ಯಯನಗಳಲ್ಲಿ, ಸಾಮಾನ್ಯ ಕೇಂದ್ರಗಳಿಗೆ ಹೋದ ಸಲಿಂಗಿ ಮತ್ತು ದ್ವಿಲಿಂಗಾಸಕ್ತ ಗಂಡಸರು ಚಿಕಿತ್ಸೆಯ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡರು. ಈ ಸಮುದಾಯಕ್ಕಾಗಿ ಪ್ರತ್ಯೇಕ ಭಾಗವಿದ್ದ ಕೇಂದ್ರಗಳಿಗೆ ಹೋದವರು ಹೆಚ್ಚು ಆಪ್ತತೆ ಕಂಡರು. ಇವು ಹಿಂದಿನದನ್ನು ನೆನಪಿಸಿಕೊಂಡು ಹೇಳಿದ ಉತ್ತರಗಳು, ಪ್ರಯೋಗವಲ್ಲ. ಪ್ರಯೋಗದ ಸಾಕ್ಷ್ಯ ಬೇಕೆಂದರೆ ಸ್ಟೀವನ್ ಶಾಪ್‌ಟಾ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನಲ್ಲಿ ಮೆಥಾಂಫೆಟಮಿನ್ ಬಳಸುವ 162 ಸಲಿಂಗಿ ಮತ್ತು ದ್ವಿಲಿಂಗಾಸಕ್ತ ಗಂಡಸರೊಂದಿಗೆ ನಡೆಸಿ 2005ರಲ್ಲಿ ಪ್ರಕಟಿಸಿದ ಕೆಲಸ ಓದಬೇಕು. ಸಲಿಂಗಿ ಬದುಕಿಗೆ ಹೊಂದಿಸಿದ ಚಿಕಿತ್ಸೆಯೂ ಸೇರಿ ನಾಲ್ಕು ವಿಧದ ಚಿಕಿತ್ಸೆಗಳನ್ನು ಅಲ್ಲಿ ಹೋಲಿಸಿದರು. ಹೊಂದಿಸಿದ ಚಿಕಿತ್ಸೆ ಪಡೆದವರಲ್ಲಿ ಮೊದಲ ವಾರಗಳಲ್ಲೇ ಅಪಾಯಕರ ಲೈಂಗಿಕ ನಡವಳಿಕೆ ಬೇಗ ತಗ್ಗಿತು. ಮಾದಕವಸ್ತು ಬಳಕೆ ನಾಲ್ಕೂ ಗುಂಪುಗಳಲ್ಲಿ ಇಳಿಯಿತು, ಮುಂದಿನ ತಿಂಗಳುಗಳ ತಪಾಸಣೆಯಲ್ಲಿ ಗುಂಪುಗಳ ನಡುವಿನ ವ್ಯತ್ಯಾಸ ಉಳಿಯಲಿಲ್ಲ. ಕಲಾವಿದನಿಗೊಂದು, ರೈತನಿಗೊಂದು ಎಂಬಂತೆ ಪ್ರತಿಯೊಬ್ಬರಿಗೂ ಬೇರೆ ಆಸ್ಪತ್ರೆ ಕಟ್ಟುವ ವಾದ ಈ ಫಲಿತಾಂಶದ ಮೇಲೆ ನಿಲ್ಲುವುದಿಲ್ಲ. ಒಳ್ಳೆಯ ಚಿಕಿತ್ಸೆ ಸಿಕ್ಕರೆ ಸಲಿಂಗಿಗಳೂ ಎಲ್ಲರಂತೆ ಚೇತರಿಸಿಕೊಳ್ಳುತ್ತಾರೆ. ಆ ಚಿಕಿತ್ಸೆಯೊಳಗೆ ತಮ್ಮ ಬದುಕನ್ನು ಇದ್ದಂತೆ ಇಟ್ಟು ಕೂರಲು ಅವರಿಗೆ ಜಾಗವಿರಬೇಕು, ಅಷ್ಟೆ.

ಜಾಗ ಕೊಡಲೇಬಾರದೆನ್ನುವವರೂ ಇದ್ದಾರೆ. ಟೆನ್ನೆಸಿ ರಾಜ್ಯ 2016ರಲ್ಲಿ, ತಮ್ಮ ದೃಢ ನಂಬಿಕೆಗೆ ವಿರುದ್ಧವಾದ ಗುರಿಯೊಂದಿಗೆ ಬರುವವರಿಗೆ ಸೇವೆ ನಿರಾಕರಿಸಲು ಸಮಾಲೋಚಕರಿಗೆ ಅವಕಾಶ ಕೊಡುವ ಕಾಯ್ದೆ ತಂದಿತು. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ ಇದನ್ನು ವಿರೋಧಿಸಿ, ನ್ಯಾಶ್‌ವಿಲ್‌ನಲ್ಲಿ ನಡೆಯಬೇಕಿದ್ದ ತನ್ನ 2017ರ ಸಮ್ಮೇಳನವನ್ನೇ ಬೇರೆ ರಾಜ್ಯಕ್ಕೆ ಒಯ್ದಿತು. ಸೇವೆ ನಿರಾಕರಿಸಿ ಇನ್ನೊಬ್ಬರ ಬಳಿಗೆ ಕಳಿಸಿದರೆ ಆಯಿತಲ್ಲ ಎನ್ನುವವರು ಸಣ್ಣ ಊರುಗಳನ್ನು ಕಂಡಿಲ್ಲ. ಅಲ್ಲಿ ಇನ್ನೊಬ್ಬರು ಇರುವುದಿಲ್ಲ.

ಈ ಅಮೆರಿಕನ್ ಕಥೆಯಲ್ಲಿ ಕನ್ನಡ ಓದುಗರಿಗೆ ಏನಿದೆ? ಕಾನೂನಿನ ಒಂದು ಅಂಶದಲ್ಲಿ ಕರ್ನಾಟಕ ಇಂದು ನಿಂತಿರುವುದು 2000ನೇ ಇಸವಿಯ ಅಯೋವಾ ನಿಂತಿದ್ದಲ್ಲೇ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಸಂಬಂಧ ಅಪರಾಧವಲ್ಲ, ಸಂಗಾತಿ ಸಂಬಂಧಿಕನೂ ಅಲ್ಲ. ನಮ್ಮ ವ್ಯಸನಮುಕ್ತಿ ವ್ಯವಸ್ಥೆ ನಿಂತಿರುವುದೇ ಸಂಬಂಧಿಕರ ಹೆಗಲ ಮೇಲೆ. ರೋಗಿಯನ್ನು ಕರೆತರುವವರು, ಸಹಿ ಹಾಕುವವರು, ಜೊತೆಗಿರುವವರು, ಮಾತ್ರೆ ನುಂಗಿಸುವವರು ಎಲ್ಲ ಮನೆಯವರೇ. ಕುಡಿತದ ವಿರುದ್ಧ ನಮ್ಮ ಸಮಾಜ ಆಡುವ ಭಾಷೆಯೂ ಹಾಗೇ ಬೆಳೆದಿದೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ಅದರ ಹಿಂದೆ ಕುಡುಕ ಗಂಡಂದಿರಿಂದ ನೊಂದ ಹೆಣ್ಣುಮಕ್ಕಳ ಹೋರಾಟಗಳಿದ್ದವು, ಆ ನೋವು ಸತ್ಯವಾದದ್ದು. ‘ಹೆಂಡತಿ ಮಕ್ಕಳ ಮುಖ ನೋಡಿಯಾದರೂ ಬಿಡು’ ಎಂಬ ಮಾತಿಗೆ ಬಲ ಬಂದದ್ದು ಅಲ್ಲಿಂದ. ಎಷ್ಟೋ ಗಂಡಸರನ್ನು ಆ ಮಾತು ಉಳಿಸಿದೆ.

ಅದೇ ಮಾತು ಎಲ್ಲಿ ತಿರುಗಿ ಬೀಳುತ್ತದೆ ನೋಡಿ. ‘ಮದುವೆ ಆಗಿದ್ಯಾ?’ ‘ಇಲ್ಲ ಸಾರ್.’ ‘ಅದಕ್ಕೇ ಹಿಂಗಾಗಿರೋದು. ಒಂದು ಮದುವೆ ಮಾಡ್ಕೊ, ಜವಾಬ್ದಾರಿ ಬರುತ್ತೆ, ಕುಡಿತ ತಾನಾಗೇ ಬಿಟ್ಟೋಗುತ್ತೆ.’ ನಮ್ಮಲ್ಲಿ ಇಂಥ ಬುದ್ಧಿವಾದ ಯಾರಿಗೂ ಹೊಸದಲ್ಲ. ಮನೆಯಲ್ಲಿ ಮದುವೆಗೆ ಒತ್ತಾಯ ಶುರುವಾದದ್ದರಿಂದಲೇ ಕುಡಿತ ಹೆಚ್ಚಾದ ಸಲಿಂಗಿ ಯುವಕನಿಗೆ ಈ ಸಲಹೆ ಕೊಟ್ಟರೆ, ಔಷಧಿಯ ಹೆಸರಿನಲ್ಲಿ ರೋಗದ ಕಾರಣವನ್ನೇ ಬರೆದುಕೊಟ್ಟಂತಾಗುತ್ತದೆ. ಜೊತೆಗೆ ಏನೂ ಅರಿಯದ ಒಬ್ಬ ಹುಡುಗಿಯ ಬಾಳೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಟ್ರಾನ್ಸ್‌ಜೆಂಡರ್ ಮಹಿಳೆ ಬಂದರೆ ತೊಡಕು ಬಾಗಿಲಲ್ಲೇ: ಯಾವ ವಾರ್ಡು? ಹೆತ್ತವರು ಹೊರಹಾಕಿದ ಮೇಲೆ ಅವಳನ್ನು ಸಾಕಿದವಳು ಅವಳ ಗುರು, ಜೊತೆಗಿರುವವರು ಚೇಲಾಗಳು. ಗುರು-ಚೇಲಾಗಳು ಕೂಡಿ ಬಾಳುವ ಹಮಾಮಿನ ಆ ಮನೆ ಮನೆಯೇ. ಮನೆಯವರ ಸಭೆಗೆ ಗುರುವನ್ನು ಕರೆಯಬೇಕೆಂದು ಎಷ್ಟು ಕೇಂದ್ರಗಳಿಗೆ ಹೊಳೆದೀತು?

ಕಾನೂನು ಇಲ್ಲಿ ಸಮಾಲೋಚಕರಿಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯಾನ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಒಳಗೊಂಡಿದೆ. ಆದ್ದರಿಂದ ಅದರ 18ನೇ ಸೆಕ್ಷನ್ ವ್ಯಸನ ಚಿಕಿತ್ಸೆಗೂ ಅನ್ವಯಿಸುತ್ತದೆ. ಭೇದ ಮಾಡಬಾರದ ಆಧಾರಗಳಲ್ಲಿ ಜಾತಿ, ಧರ್ಮ, ವರ್ಗಗಳ ಜೊತೆ ಲಿಂಗತ್ವವನ್ನೂ ಲೈಂಗಿಕ ಒಲವನ್ನೂ ಆ ಸೆಕ್ಷನ್ ಹೆಸರಿಸಿ ಹೇಳುತ್ತದೆ. ಒಲವನ್ನು ಬದಲಿಸುವ ‘ಚಿಕಿತ್ಸೆ’ಯ ವಿರುದ್ಧ ಮದ್ರಾಸ್ ಹೈಕೋರ್ಟ್ 2021ರಲ್ಲಿ ನಿರ್ದೇಶನ ಕೊಟ್ಟಿತು. ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ತೀರ್ಪು ಬರೆಯುವ ಮುಂಚೆ ತಾವೇ ಮನಃಶಾಸ್ತ್ರಜ್ಞರ ಬಳಿ ಕೂತು ಈ ವಿಷಯ ತಿಳಿದುಕೊಂಡದ್ದನ್ನು ನಮ್ಮ ಸಮಾಲೋಚನಾ ತರಬೇತಿಗಳಲ್ಲಿ ಪಾಠವಾಗಿ ಇಡಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ ಇಂಥ ಚಿಕಿತ್ಸೆಯನ್ನು ವೃತ್ತಿದುರ್ನಡತೆ ಎಂದಿತು.

ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅದೇ ಕಾಯ್ದೆಯ 14ನೇ ಸೆಕ್ಷನ್. ಅಪ್ರಾಪ್ತರಲ್ಲದ ಪ್ರತಿಯೊಬ್ಬರಿಗೂ ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ನೇಮಿಸಿಕೊಳ್ಳುವ ಹಕ್ಕನ್ನು ಅದು ಕೊಡುತ್ತದೆ. ಆ ಪ್ರತಿನಿಧಿ ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಸಂಗಾತಿ ಆಗಬಹುದು, ಗುರು ಆಗಬಹುದು. ಛಾಪಾ ಕಾಗದ ಬೇಡ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು, ಪ್ರತಿನಿಧಿಯಾಗುವವರ ಲಿಖಿತ ಒಪ್ಪಿಗೆ ಜೊತೆಗಿರಬೇಕು. ಅಯೋವಾದಲ್ಲಿ ಮುಖ್ತ್ಯಾರನಾಮೆ ಮಾಡಬಹುದಾಗಿದ್ದ ಕೆಲಸವನ್ನು ನಮ್ಮಲ್ಲಿ ಈ ಹಾಳೆ ಇನ್ನೂ ಸುಲಭವಾಗಿ ಮಾಡಬಲ್ಲದು.

ಕರ್ನಾಟಕದಲ್ಲಿ ಈ ವಿಷಯದ ಮೇಲೆ ಅಧ್ಯಯನ ಕೈಗೊಳ್ಳುವವರು ಎಲಿಯಾಸನ್ ಅವರ ಪ್ರಶ್ನಾವಳಿಯನ್ನು ಕನ್ನಡಿಸಿ ಹಂಚಬಾರದು ಎಂದು ನಾನು ಕೇಳಿಕೊಳ್ಳುತ್ತೇನೆ. ನೀವು ಸಲಿಂಗಿಗಳನ್ನು ಒಪ್ಪುತ್ತೀರಾ ಎಂದು ಕೇಳಿದರೆ ನಮ್ಮಲ್ಲಿ ಬರುವುದು ಮರ್ಯಾದೆಯ ಉತ್ತರ. ಅದರ ಬದಲು ಒಬ್ಬ ರೋಗಿಯ ಒಂದು ಪುಟದ ವೃತ್ತಾಂತ ಬರೆದು, ಅರ್ಧ ಸಮಾಲೋಚಕರಿಗೆ ಕೊಡುವ ಪ್ರತಿಯಲ್ಲಿ ಅವನ ಜೊತೆ ಬಂದವಳು ಹೆಂಡತಿಯೆಂದೂ, ಉಳಿದರ್ಧಕ್ಕೆ ಕೊಡುವ ಪ್ರತಿಯಲ್ಲಿ ಜೊತೆ ಬಂದವನು ಎಂಟು ವರ್ಷದ ಸಂಗಾತಿಯೆಂದೂ ಇಡಬಹುದು. ಉಳಿದೆಲ್ಲ ಅಕ್ಷರಶಃ ಒಂದೇ. ಆಮೇಲೆ ಕೇಳಬೇಕಾದದ್ದು: ಮನೆಯವರ ಸಭೆಗೆ ಯಾರನ್ನು ಕರೆಯುತ್ತೀರಿ? ಬಿಡುಗಡೆಯ ದಿನ ಮಾತ್ರೆಯ ವಿವರ ಯಾರಿಗೆ ಹೇಳಿಕೊಡುತ್ತೀರಿ? ಮತ್ತೆ ಕುಡಿದರೆ ಮೊದಲ ಫೋನ್ ಯಾರಿಗೆ? ಮದುವೆಯ ಸಲಹೆ ಕೊಡುತ್ತೀರಾ? ಜೊತೆಗೆ ಕೇಂದ್ರಗಳ ದಾಖಲಾತಿ ಫಾರಂಗಳ ಖಾಲಿ ಪ್ರತಿಗಳನ್ನು ಕೇಳಿ ಪಡೆದು, ಸಂಬಂಧದ ಕಾಲಂನಲ್ಲಿ ಏನೇನು ಆಯ್ಕೆಗಳಿವೆ, 14ನೇ ಸೆಕ್ಷನ್ನಿನ ಪ್ರತಿನಿಧಿಗೆಂದು ಒಂದು ಸಾಲಾದರೂ ಇದೆಯೇ ಎಂದು ಪಟ್ಟಿ ಮಾಡಬೇಕು. ಇದಕ್ಕೆ ರೋಗಿಗಳ ಗುಟ್ಟು ಕೆದಕಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಸಮಾಜಕಾರ್ಯ ಎಂ.ಎ. ವಿದ್ಯಾರ್ಥಿಯೊಬ್ಬರು ತಮ್ಮ ಜಿಲ್ಲೆಯ ಕೇಂದ್ರಗಳಿಂದಲೇ ಇದನ್ನು ಶುರು ಮಾಡಬಹುದು.